10 ನಂಬರ್ ಸ್ಪ್ಯಾನರ್ ಹಿಡಿದು ಮೂಳೆ ಬೆಳೆಸುವುದು

ಕಾಲು ಉದ್ದ ಮಾಡುವ ಆಪರೇಷನ್ ಆದ ದಿನ ಕಾಲು ಒಂದು ಕೂದಲೆಳೆಯಷ್ಟೂ ಉದ್ದ ಆಗಿರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ನನ್ನ ಅಕ್ಕನ ಮಗನನ್ನು ನೋಡಲು ಮೋಸಂಬಿ ಚೀಲ ಹಿಡಿದು ಬಂದವರೆಲ್ಲ ಕೇಳಿದ ಮೊದಲ ಪ್ರಶ್ನೆ ಒಂದೇ: "ಎಷ್ಟು ಉದ್ದ ಮಾಡಿದ್ರಂತೆ?" ಎರಡನೆಯದು ಪ್ರಶ್ನೆ ಅಲ್ಲ, ಅಪ್ಪಣೆ: "ಅಲ್ಲಾಡಬೇಡ ಮಗಾ, ಮಲಗಿರು." ಇವೆರಡರಲ್ಲೇ ಈ ಚಿಕಿತ್ಸೆಯ ಬಗ್ಗೆ ನಮ್ಮಲ್ಲಿರುವ ತಪ್ಪು ತಿಳಿವಳಿಕೆಯ ಮುಕ್ಕಾಲು ಪಾಲು ಸಿಕ್ಕಿಬಿಡುತ್ತದೆ.

ಹುಡುಗನಿಗೆ ಚಿಕ್ಕಂದಿನಲ್ಲಿ ಮೊಣಕಾಲ ಕೆಳಗೆ, ಮೂಳೆ ಬೆಳೆಯುವ ಜಾಗಕ್ಕೇ ಪೆಟ್ಟು ಬಿದ್ದಿತ್ತು. ಒಂದು ಕಾಲು ಬೆಳೆಯಿತು, ಇನ್ನೊಂದು ಹಿಂದೆ ಉಳಿಯಿತು. ಈಗ ಡಾಕ್ಟರು ಮಾಡಿದ್ದು ಇಷ್ಟೇ. ಗಿಡ್ಡ ಕಾಲಿನ ಮೂಳೆಯನ್ನು ಹುಷಾರಾಗಿ ಕತ್ತರಿಸಿದರು. ಎರಡೂ ತುಂಡು ತಾಗಿಕೊಂಡೇ ಇರುವ ಹಾಗೆ ಕಾಲಿನ ಸುತ್ತ ಉಕ್ಕಿನ ರಿಂಗ್ ಕೂರಿಸಿದರು. ಚರ್ಮ ದಾಟಿ ಮೂಳೆಯೊಳಗೆ ಹೋದ ತಂತಿಗಳು ಆ ರಿಂಗ್‌ಗಳನ್ನು ಹಿಡಿದುಕೊಂಡಿವೆ. ಉದ್ದ ಮಾಡುವ ಕೆಲಸ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ, ಮನೆಯಲ್ಲಿ ನಡೆಯುತ್ತದೆ. ಮಾಡುವವನು ರೋಗಿಯೇ.

ಮೊದಲ ಐದರಿಂದ ಏಳು ದಿನ ಅದೂ ಇಲ್ಲ. ಸುಮ್ನೆ ಕಾಯಬೇಕು. ದುಡ್ಡು ಖರ್ಚಾಗಿದೆ, ಕಾಲು ಊದಿದೆ, ಏನೂ ಆಗುತ್ತಿಲ್ಲವಲ್ಲ ಅಂತ ಮನೆಯವರಿಗೆ ತಳಮಳ. ಆದರೆ ಒಳಗೆ ಆಗಬೇಕಾದ್ದು ಆಗುತ್ತಿರುತ್ತದೆ. ಕತ್ತರಿಸಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದರೊಳಕ್ಕೆ ಜೀವಕೋಶಗಳು ನುಗ್ಗುತ್ತವೆ, ಸಣ್ಣ ರಕ್ತನಾಳಗಳು ಚಿಗುರುತ್ತವೆ, ಮೆತ್ತನೆಯ ಅಂಟಿನಂಥ ಅಂಗಾಂಶ ಹುಟ್ಟುತ್ತದೆ. ಇದು ಹುಟ್ಟುವ ಮೊದಲೇ ಎಳೆದರೆ ಅಲ್ಲಿ ಬರೀ ಸಂದು ಉಳಿಯುತ್ತದೆ.

ಆಮೇಲೆ ಶುರು ನಟ್ಟಿನ ಕೆಲಸ. ರಿಂಗ್‌ಗಳನ್ನು ಜೋಡಿಸಿದ ಕಂಬಿಗಳಿಗೆ ಉದ್ದಕ್ಕೂ ಮರೆ, ಅಂದರೆ ಸ್ಕ್ರೂವಿಗೆ ಇರುವಂಥ ಸುರುಳಿ ಗೀರು, ಇರುತ್ತದೆ. ಒಂದು ಮರೆಯಿಂದ ಮುಂದಿನ ಮರೆಗೆ ಸರಿಯಾಗಿ 1 ಮಿಲಿಮೀಟರ್. ಅಂದರೆ ನಟ್ಟು ಒಂದು ಪೂರ್ತಿ ಸುತ್ತು ತಿರುಗಿದರೆ ರಿಂಗ್ ಒಂದು ಮಿಲಿಮೀಟರ್ ಸರಿಯುತ್ತದೆ. ಬೇಕಾದ ಸಲಕರಣೆ ಬೈಕ್ ಮೆಕ್ಯಾನಿಕ್ ಬಳಿ ಇರುವ 10 ನಂಬರ್ ಸ್ಪ್ಯಾನರ್. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಕಾಲು ಸುತ್ತು. ಈಗಿನ ಕೆಲವು ರಿಂಗ್‌ಗಳಲ್ಲಿ ನಾಲ್ಕು ಮುಖದ ಗುಬುಟು ಇರುತ್ತದೆ, ಲೆಕ್ಕ ಸುಲಭ. ನಮ್ಮ ಹುಡುಗನದು ಆರು ಮುಖದ ಮಾಮೂಲಿ ನಟ್ಟು. ಕಾಲು ಸುತ್ತು ಅಂದರೆ ಒಂದೂವರೆ ಮುಖ. ಎಲ್ಲಿಂದ ಎಲ್ಲಿಗೆ ಅಂತ ಗೊಂದಲ ಆಗದಿರಲಿ ಎಂದು ಅಕ್ಕ ಪ್ರತಿ ನಟ್ಟಿನ ಒಂದು ಮುಖಕ್ಕೆ ಕೆಂಪು ಉಗುರುಬಣ್ಣ ಹಚ್ಚಿದ್ದಾಳೆ. ರಿಂಗ್‌ನ ಒಂದು ಬದಿಯ ನಟ್ಟನ್ನು ಅಷ್ಟು ಸಡಿಲಿಸಿ, ಇನ್ನೊಂದು ಬದಿಯದನ್ನು ಅಷ್ಟೇ ಬಿಗಿ ಮಾಡಬೇಕು. ಎಲ್ಲ ಕಂಬಿಗಳಲ್ಲೂ ಒಂದೇ ಸಮ. ತಿರುಗಿಸುವ ಹೊತ್ತಿಗೆ ನೋವು ಅಷ್ಟೇನೂ ಇರುವುದಿಲ್ಲ. ರಾತ್ರಿ ಹೊತ್ತಿಗೆ ಬಿಗಿತ ಬರುತ್ತದೆ.

ಯಾಕೆ ದಿನಕ್ಕೆ ಒಂದೇ ಮಿಲಿಮೀಟರ್? ನನಗೆ ಈ ಇಡೀ ವಿದ್ಯೆಯಲ್ಲಿ ಬಹಳ ಇಷ್ಟವಾದ ಜಾಗ ಇದು. ಬೆಲ್ಲದ ಪಾಕ ನೆನಪು ಮಾಡಿಕೊಳ್ಳಿ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹದವಾಗಿ ಬಿಡಿಸಿದರೆ ಎಳೆ ಬರುತ್ತದೆ. ಸರಕ್ಕನೆ ಎಳೆದರೆ ಕಡಿದುಹೋಗುತ್ತದೆ. ಎಳೆಯದೆ ಕೂತರೆ ಗಟ್ಟಿಯಾಗಿ ಬೆರಳಿಗೇ ಅಂಟುತ್ತದೆ. ಮೂಳೆಯ ಸಂದಿನಲ್ಲೂ ಹೀಗೇ. ನಾಯಿಗಳ ಕಾಲಿನ ಮೇಲೆ ನಡೆಸಿದ ಪ್ರಯೋಗಗಳಲ್ಲಿ ದಿನಕ್ಕೆ ಅರ್ಧ ಮಿಲಿಮೀಟರ್ ಎಳೆದಾಗ ಎಷ್ಟೋ ಸಲ ಮೂಳೆ ಅವಧಿಗೆ ಮುಂಚೆಯೇ ಕೂಡಿಕೊಂಡುಬಿಟ್ಟಿತು. ಎರಡು ಮಿಲಿಮೀಟರ್ ಎಳೆದಾಗ ಹೊಸ ಮೂಳೆ ಸರಿಯಾಗಿ ಬೆಳೆಯಲಿಲ್ಲ, ಸುತ್ತಲ ಅಂಗಾಂಶವೂ ಹಾಳಾಯಿತು. ಒಂದು ಮಿಲಿಮೀಟರ್ ಹದ. ಅದನ್ನೂ ಒಂದೇ ಸಲಕ್ಕಿಂತ ನಾಲ್ಕು ಸಲಕ್ಕೆ ಹಂಚಿದಾಗ ಒಳ್ಳೆಯ ಮೂಳೆ ಬಂತು. ಮೋಟಾರು ಇಟ್ಟು ಅದೇ ಒಂದು ಮಿಲಿಮೀಟರನ್ನು ದಿನಕ್ಕೆ 60 ಸಲಕ್ಕೆ ಹಂಚಿದಾಗ ಇನ್ನೂ ಚೆನ್ನಾಗಿ ಬಂತು.

ಆದರೆ ಪಾಕದ ಎಳೆ ಎಳೆದಷ್ಟೂ ತೆಳುವಾಗುತ್ತದೆ, ಮೂಳೆ ತೆಳುವಾಗುವುದಿಲ್ಲ. ಚಮತ್ಕಾರ ಇರುವುದು ಇಲ್ಲೇ. ಎಳೆತಕ್ಕೆ ಸಿಕ್ಕ ಜೀವಕೋಶಗಳು ಸುಮ್ಮನಿರುವುದಿಲ್ಲ, ಹೊಸ ಸಾಮಗ್ರಿ ತಯಾರಿಸಲು ತೊಡಗುತ್ತವೆ. ಸಂದಿನ ನಟ್ಟನಡುವೆ ನಾರಿನ ಒಂದು ಪಟ್ಟಿ ಇರುತ್ತದೆ. ಅದರ ನಾರುಗಳೆಲ್ಲ ಎಳೆಯುವ ದಿಕ್ಕಿಗೇ ಸಾಲಾಗಿ ನಿಲ್ಲುತ್ತವೆ. ಪಟ್ಟಿಯ ಮೇಲಂಚು ಕೆಳಂಚು ಎರಡೂ ಕಡೆ ಆ ನಾರುಗಳ ಮೇಲೆ ಸುಣ್ಣದ ಅಂಶ ಕೂತು ಸಣ್ಣ ಸಣ್ಣ ಮೂಳೆ ಕಡ್ಡಿಗಳು ಏಳುತ್ತವೆ, ಪಕ್ಕಪಕ್ಕದಲ್ಲೇ ರಕ್ತನಾಳಗಳು. ಅಂಚುಗಳು ದೂರ ಸರಿಯುತ್ತಿದ್ದರೂ ನಡುವಿನ ಪಟ್ಟಿ ಮಾತ್ರ ಹೆಚ್ಚುಕಡಿಮೆ ಅಷ್ಟೇ ಅಗಲ ಇರುತ್ತದೆ. ತಾಯಿಯ ಗರ್ಭದಲ್ಲಿ ಮತ್ತು ಬೆಳೆಯುವ ವಯಸ್ಸಿನಲ್ಲಿ ಮಾಡಿದ ಕೆಲಸವನ್ನು ದೇಹ ಮರೆತಿಲ್ಲ. ನೆನಪು ಮಾಡಿಸಲು ಒಂದು ಎಳೆತ ಸಾಕು.

ಮೊದಲ ವಾರಗಳ ಎಕ್ಸ್‌ರೇಯಲ್ಲಿ ಇದು ಯಾವುದೂ ಕಾಣುವುದಿಲ್ಲ. ಎರಡು ಬಿಳಿ ತುಂಡಿನ ನಡುವೆ ಕಪ್ಪು ಜಾಗ, ಅಷ್ಟೇ. ಮೊದಲ ಸಲ ಅದನ್ನು ನೋಡಿ ಅಕ್ಕ ಅತ್ತುಬಿಟ್ಟಳು. ಸುಣ್ಣದ ಅಂಶ ಸಾಕಷ್ಟು ಕೂರದೆ ಎಕ್ಸ್‌ರೇಗೆ ಏನೂ ಸಿಗುವುದಿಲ್ಲ. ಕೆಲವು ವಾರ ಕಳೆದ ಮೇಲೆ ಮಸುಕು ಮಸುಕು ಗೀಟುಗಳು ಮೂಡುತ್ತವೆ.

ಈ ಚಿಕಿತ್ಸೆಯನ್ನು ಕಂಡುಹಿಡಿದವರು ಸೋವಿಯತ್ ಒಕ್ಕೂಟದ ಡಾಕ್ಟರು ಗವ್ರಿಲ್ ಇಲಿಜಾರೋವ್. ಎಳೆಯುವ ಯೋಚನೆ ಅವರದೇ ಮೊದಲಲ್ಲ. ಇಟಲಿಯ ಕೊಡಿವಿಲ್ಲಾ ಎಂಬ ಡಾಕ್ಟರು 1905ರಲ್ಲೇ ಕಾಲು ಉದ್ದ ಮಾಡಿದ್ದನ್ನು ಬರೆದಿದ್ದರು. ಜಗ್ಗುವ ಬಲ ಗೊತ್ತಿತ್ತು, ಹದ ಗೊತ್ತಿರಲಿಲ್ಲ. ಇಲಿಜಾರೋವ್ 1944ರಲ್ಲಿ ಓದು ಮುಗಿಸಿ ಸೈಬೀರಿಯಾದ ಕುರ್ಗಾನ್ ಸೀಮೆಯ ಹಳ್ಳಿಗೆ ಬಂದರು. ಯುದ್ಧದ ಕಾಲ. ಎಲ್ಲಿ ನೋಡಿದರೂ ಮುರಿದು ಕೂಡದ ಕೈಕಾಲು. ಔಷಧಿಗೂ ಕೊರತೆ. 1950ರ ದಶಕದ ಶುರುವಿನಲ್ಲಿ ರಿಂಗು, ತಂತಿ, ಕಂಬಿ ಸೇರಿಸಿ ಯಂತ್ರ ಮಾಡಿದರು. ಮೊದಲಿಗೆ ಸೈಕಲ್ ಕಡ್ಡಿಗಳನ್ನೇ ಬಳಸಿದರಂತೆ. ಅವರ ಉದ್ದೇಶ ಮುರಿದ ತುದಿಗಳನ್ನು ಒತ್ತಿ ಕೂಡಿಸುವುದು. ಒಬ್ಬ ರೋಗಿ ನಟ್ಟನ್ನು ಉಲ್ಟಾ ತಿರುಗಿಸಿಕೊಂಡ, ಸಂದು ಬಿಟ್ಟಿತು, ಆ ಸಂದಿನಲ್ಲೇ ಹೊಸ ಮೂಳೆ ಕಂಡಿತು ಅನ್ನುತ್ತಾರೆ. ಈ ಕಥೆಯನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ನನಗಂತೂ ಬೇರೆ ಡಾಕ್ಟರಾಗಿದ್ದರೆ ಆ ರೋಗಿಗೆ ಬೈದು ನಟ್ಟು ಬಿಗಿ ಮಾಡಿ ಕಳಿಸುತ್ತಿದ್ದರು ಅನಿಸುತ್ತದೆ.

ಮಾಸ್ಕೋದ ದೊಡ್ಡ ಡಾಕ್ಟರುಗಳು ಇವರನ್ನು ಬಹಳ ಕಾಲ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹೆಸರು ಬಂದದ್ದು ಸೋವಿಯತ್ ಎತ್ತರ ಜಿಗಿತಗಾರ ವಾಲೆರಿ ಬ್ರುಮೆಲ್ ಅವರಿಂದ. 1963ರಲ್ಲಿ 2.28 ಮೀಟರ್ ಹಾರಿ ವಿಶ್ವದಾಖಲೆ, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ. 1965ರಲ್ಲಿ ಬೈಕ್ ಅಪಘಾತವಾಗಿ ಕಾಲು ನುಚ್ಚುನೂರು. ಆಪರೇಷನ್ ಮೇಲೆ ಆಪರೇಷನ್ ಆದರೂ ಮೂಳೆ ಕೂಡಲಿಲ್ಲ. ಕೊನೆಗೆ ಕುರ್ಗಾನ್‌ಗೆ ಹೋದರು. ಅದೇ ಕಾಲಿನಲ್ಲಿ ಮತ್ತೆ 2 ಮೀಟರ್ ದಾಟಿ ಹಾರಿದರು! ಹಾಗಿದ್ದೂ ಪಶ್ಚಿಮದ ದೇಶಗಳಿಗೆ ಸುದ್ದಿ ಸರಿಯಾಗಿ ಮುಟ್ಟಲಿಲ್ಲ. 1980ರಲ್ಲಿ ಇಟಲಿಯ ಪರ್ವತಾರೋಹಿ ಕಾರ್ಲೊ ಮೌರಿ ಎಷ್ಟೋ ವರ್ಷದ ಹಳೆ ಕಾಲುನೋವು ಹೊತ್ತು ಕುರ್ಗಾನ್‌ಗೆ ಹೋಗಿ ವಾಸಿಯಾಗಿ ಬಂದರು. ಅವರ ಕಾಲು ಕಂಡು ಬೆರಗಾದ ಇಟಲಿಯ ಡಾಕ್ಟರುಗಳು 1981ರಲ್ಲಿ ಇಲಿಜಾರೋವ್ ಅವರನ್ನೇ ಕರೆಸಿಕೊಂಡರು. ವಿದ್ಯೆ ಜಗತ್ತಿಗೆ ಹರಡಿದ್ದು ಆಮೇಲೆ.

ಕುರ್ಗಾನ್‌ನಲ್ಲಿ ರೋಗಿಗಳು ರಿಂಗ್ ಹಾಕಿಕೊಂಡೇ ಓಡಾಡುತ್ತಿದ್ದರು, ವ್ಯಾಯಾಮ ಮಾಡುತ್ತಿದ್ದರು. ಹೊಸ ಮೂಳೆಗೆ ರಕ್ತವೂ ಬೇಕು, ಭಾರವೂ ಬೇಕು ಅನ್ನುವುದು ಇಲಿಜಾರೋವ್ ಅವರ ಗಟ್ಟಿ ನಂಬಿಕೆ. ಅದಕ್ಕೇ "ಮಲಗಿರು" ಎಂಬ ಅಪ್ಪಣೆ ಕೇಳಿದರೆ ನನಗೆ ಮೈ ಉರಿಯುತ್ತದೆ. ರಿಂಗ್ ಹಾಕಿದವರನ್ನು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಊರುಗೋಲು ಕೊಟ್ಟು ಎಬ್ಬಿಸುತ್ತಾರೆ. ಎಷ್ಟು ಭಾರ ಹಾಕಬಹುದು ಅನ್ನುವುದನ್ನು ಮಾತ್ರ ನಿಮ್ಮ ಡಾಕ್ಟರೇ ಹೇಳಬೇಕು. ಮೂಳೆಯ ಒಳಗೇ ಉದ್ದವಾಗುವ ರಾಡ್ ಹಾಕಿ, ಹೊರಗಿನಿಂದ ಅಯಸ್ಕಾಂತದ ಯಂತ್ರ ಹಿಡಿದು ಬೆಳೆಸುವ ಪದ್ಧತಿಯೂ ಈಗ ಇದೆ. ಆ ರಾಡ್ ತೆಳು. ಅದರ ಮೇಲೆ ಜಾಸ್ತಿ ಭಾರ ಬಿದ್ದರೆ ಬಗ್ಗಬಹುದು, ಮುರಿಯಲೂಬಹುದು. ಪಕ್ಕದ ಮನೆಯವನು ನಡೆದ ಅಂತ ನೀವೂ ನಡೆಯುವ ಹಾಗಿಲ್ಲ.

ನಿಜವಾಗಿ ಹಿಂಸೆ ಕೊಡುವುದು ಮೂಳೆ ಅಲ್ಲ, ಮಾಂಸಖಂಡ. ಮೂಳೆ ಹೇಳಿದ ಹಾಗೆ ಬೆಳೆಯುತ್ತದೆ. ಮೀನಖಂಡ ಹಿಂದೆ ಬೀಳುತ್ತದೆ. ಅದೂ ಹೊಸ ಭಾಗ ಸೇರಿಸಿಕೊಂಡು ಉದ್ದವಾಗಬಲ್ಲದು, ಆದರೆ ದಿನಾ ಹಿಗ್ಗಿಸಿದರೆ ಮಾತ್ರ. ಬಿಟ್ಟರೆ ಅದು ಹಿಮ್ಮಡಿಯನ್ನು ಮೇಲಕ್ಕೆಳೆದು ಪಾದ ಕೆಳಮುಖವಾಗಿ ನಿಂತುಬಿಡುತ್ತದೆ. ಉದ್ದವಾದ ಕಾಲಿನಲ್ಲಿ ತುದಿಗಾಲಲ್ಲಿ ನಡೆಯುವ ಸ್ಥಿತಿ. ಆದ್ದರಿಂದ ಅಂಗಾಲಿಗೆ ಬೆಲ್ಟ್ ಅಥವಾ ಟವಲ್ ಹಾಕಿ ಪಾದವನ್ನು ತನ್ನ ಕಡೆಗೆ ಎಳೆದುಕೊಳ್ಳುವುದು, ರಾತ್ರಿ ಪಾದ ಬೀಳದ ಹಾಗೆ ಪಟ್ಟಿ ಕಟ್ಟುವುದು, ಮೊಣಕಾಲು ಪೂರ್ತಿ ನೀಟುವುದು, ಇವು ದಿನಕ್ಕೆ ಹಲವು ಸಲ ಆಗಲೇಬೇಕು. ಮೊಣಕಾಲ ಕೆಳಗೆ ದಿಂಬು ಇಟ್ಟರೆ ಹಾಯೆನಿಸುತ್ತದೆ. ದಿನವಿಡೀ ಹಾಗೇ ಇಟ್ಟುಕೊಂಡರೆ ಮೊಣಕಾಲು ಮಡಚಿದಲ್ಲೇ ಬಿಗಿದುಕೊಳ್ಳುತ್ತದೆ. ಹಿಮ್ಮಡಿಯ ಕೆಳಗೆ ಇಡಿ.

ನರಗಳೂ ಎಳೆತ ತಿನ್ನುತ್ತವೆ. ಪಾದದಲ್ಲಿ ಜೋಮು ಹೆಚ್ಚುತ್ತಾ ಹೋದರೆ, ಹೆಬ್ಬೆರಳು ಎತ್ತಲು ಆಗದಿದ್ದರೆ "ನಾಳೆ ನೋಡೋಣ" ಅನ್ನದೆ ಡಾಕ್ಟರಿಗೆ ಫೋನ್ ಮಾಡಬೇಕು. ಎಳೆಯುವ ವೇಗ ತಗ್ಗಿಸುತ್ತಾರೆ ಅಥವಾ ಕೆಲವು ದಿನ ನಿಲ್ಲಿಸುತ್ತಾರೆ. ಮೀನಖಂಡ ಇದ್ದಕ್ಕಿದ್ದ ಹಾಗೆ ಊದಿ ನೋಯುವುದು, ಉಸಿರು ಕಟ್ಟುವುದು, ಎದೆನೋವು, ಇವಿದ್ದರೆ ಫೋನ್ ಕೂಡ ಬೇಡ, ನೇರ ಆಸ್ಪತ್ರೆಗೆ ಹೊರಡಿ. ರಕ್ತ ಗಡ್ಡೆಕಟ್ಟಿರಬಹುದು. ನೋವಿನ ಮಾತ್ರೆಯನ್ನು ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವುದೂ ಬೇಡ. ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಮೂಳೆ ಕೂಡುವುದನ್ನು ನಿಧಾನ ಮಾಡಬಹುದೆಂದು ಎಷ್ಟೋ ಸರ್ಜನ್‌ಗಳು ಅವನ್ನು ಈ ಹೊತ್ತಿನಲ್ಲಿ ಕೊಡುವುದಿಲ್ಲ.

ತಂತಿ ಚರ್ಮದೊಳಗೆ ಹೋಗುವ ತೂತುಗಳ ಬಗ್ಗೆ ಮನೆಗೆ ಬಂದವರಿಗೆಲ್ಲ ಒಂದೊಂದು ಮದ್ದು ಗೊತ್ತಿದೆ. ಅರಿಶಿನ ಮೆತ್ತು, ಬೇವಿನೆಣ್ಣೆ ಬಿಡು, ಸೊಪ್ಪು ಅರೆದು ಕಟ್ಟು. ದಯವಿಟ್ಟು ಬೇಡ. ಆ ತೂತು ಮೂಳೆಗೆ ನೇರ ದಾರಿ. ಕೈ ತೊಳೆದುಕೊಂಡು, ಡಾಕ್ಟರು ಹೇಳಿದ ದ್ರಾವಣದಲ್ಲಿ, ತೂತಿಗೊಂದು ಹೊಸ ಹತ್ತಿ. ಅಷ್ಟೇ ಸಾಕು. ಸ್ವಲ್ಪ ನೀರು ಜಿನುಗುವುದು ಮಾಮೂಲಿ. ಸುತ್ತ ಕೆಂಪಾಗಿ ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ ತೋರಿಸಬೇಕು.

ಇನ್ನು ನಂಜು. ಗಾಯ ಆದವರು ಮೊಟ್ಟೆ, ಮೀನು, ಬೇಳೆ ತಿನ್ನಬಾರದು, ನಂಜಾಗುತ್ತದೆ ಎಂದು ಹೇಳಿ ಹುಡುಗನಿಗೆ ವಾರಗಟ್ಟಲೆ ಗಂಜಿ, ತಿಳಿಸಾರು ಕೊಟ್ಟರು. ದೇಹ ಹೊಸದಾಗಿ ಮೂಳೆ, ಮಾಂಸ, ನರ, ಚರ್ಮ ಎಲ್ಲ ಕಟ್ಟುತ್ತಿರುವಾಗ ಸಾಮಗ್ರಿಯನ್ನೇ ಬಂದ್ ಮಾಡುವುದು! ನೋವು, ನಿದ್ದೆಗೇಡಿನಿಂದ ಮೊದಲೇ ಹಸಿವು ಸತ್ತಿರುತ್ತದೆ. ಮೊಟ್ಟೆ, ಮೀನು, ಹಾಲು, ಹುರುಳಿ, ಬೇಳೆ, ಹಿಡಿಸಿದ್ದನ್ನೆಲ್ಲ ಕೊಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಿಲ್ಲಿಸಬೇಕಾದ್ದು ಬೀಡಿ, ಸಿಗರೇಟು, ಗುಟ್ಕಾ. ನಿಕೋಟಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹೊಸ ಮೂಳೆ ಬದುಕುವುದೇ ಆ ನಾಳಗಳಿಂದ.

ಮನಸ್ಸೂ ಕುಗ್ಗುತ್ತದೆ. ಮೂರನೇ ವಾರದ ಹೊತ್ತಿಗೆ ನಮ್ಮ ಹುಡುಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ನಟ್ಟು ತಿರುಗಿಸುವುದನ್ನು ಅಕ್ಕನ ಕೈಯಿಂದ ತಪ್ಪಿಸಿ ಅವನಿಗೇ ಕೊಟ್ಟದ್ದು, ಗೋಡೆ ಕ್ಯಾಲೆಂಡರಿನಲ್ಲಿ ದಿನಕ್ಕೆ ನಾಲ್ಕು ಗೀಟು ಹಾಕಿಸಿದ್ದು ಸ್ವಲ್ಪ ಕೆಲಸ ಮಾಡಿತು. ಬೇರೆ ಕಡೆ ಇಂಥದೇ ರಿಂಗ್ ಹಾಕಿಸಿಕೊಂಡಿದ್ದ ಒಬ್ಬರ ಜೊತೆ ಫೋನಿನಲ್ಲಿ ಮಾತಾಡಿದ್ದು ಅದಕ್ಕಿಂತ ಜಾಸ್ತಿ.

ಈಗ ಎಳೆಯುವುದು ಮುಗಿದಿದೆ. "ಹಾಗಾದ್ರೆ ಇನ್ನೂ ಯಾಕೆ ಬಿಚ್ಚಿಲ್ಲ?" ಎಂಬುದು ಬರುವವರ ಹೊಸ ಪ್ರಶ್ನೆ. ಉದ್ದವಾದ ಮೂಳೆ ಗಟ್ಟಿಯಾಗಲು, ಉದ್ದವಾಗಲು ಹಿಡಿದ ಕಾಲಕ್ಕಿಂತ ಹೆಚ್ಚು ಬೇಕು. ಬೆಳೆಸಿದ ಒಂದೊಂದು ಸೆಂಟಿಮೀಟರಿಗೆ ಒಟ್ಟು ಒಂದು ತಿಂಗಳೋ ಅದಕ್ಕೂ ಮೇಲೋ ರಿಂಗ್ ಇರುತ್ತದೆ. ಮುಂದಿನಿಂದ ಒಂದು, ಪಕ್ಕದಿಂದ ಒಂದು ಎಕ್ಸ್‌ರೇ ತೆಗೆದರೆ ಮೂಳೆಯ ಗಟ್ಟಿ ಗೋಡೆಗಳು ನಾಲ್ಕು ಕಡೆ ಕಾಣಬೇಕು. ನಾಲ್ಕರಲ್ಲಿ ಮೂರಾದರೂ ಸ್ಪಷ್ಟವಾಗಿ ಕಂಡರೆ ಮಾತ್ರ ಬಿಚ್ಚುವ ಮಾತು. ಅವಸರ ಮಾಡಿದರೆ ಹೊಸ ಮೂಳೆ ಬಗ್ಗುತ್ತದೆ, ಇಲ್ಲವೇ ಮುರಿಯುತ್ತದೆ. ನಮ್ಮ ಹುಡುಗನಿಗೆ ಇಲ್ಲಿಯ ತನಕ ಎರಡು ಗೋಡೆ ಕಂಡಿವೆ. ಮುಂದಿನ ಎಕ್ಸ್‌ರೇ ದೀಪಾವಳಿ ಕಳೆದ ಮೇಲೆ.