ಏಳು ಗೆದ್ದವರು ಒಳಗೆ, ಹತ್ತು ಗೆದ್ದವರು ಹೊರಗೆ: ಇದು ಯಾವ ಲೆಕ್ಕ?

ಪ್ರಶ್ನೆ: ಅಮೆರಿಕನ್ ಫುಟ್‌ಬಾಲಿನ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಗೆಲುವಿಗಿಂತ ಸೋಲೇ ಜಾಸ್ತಿ ಇರುವ ತಂಡ ಪ್ಲೇಆಫ್‌ಗೆ ಹೋಗುತ್ತದೆ. ಅದಕ್ಕಿಂತ ಜಾಸ್ತಿ ಗೆದ್ದ ತಂಡ ಮನೆಗೆ ಹೋಗುತ್ತದೆ. ಅದೂ ಸಾಲದು ಅಂತ ಆ ಸೋತ ತಂಡದ ಊರಲ್ಲೇ ಮ್ಯಾಚು! ಅಲ್ಲಿ ಪಾಯಿಂಟ್ಸ್ ಟೇಬಲ್ ನೋಡುವವರು ಯಾರೂ ಇಲ್ಲವೇ?

ಉತ್ತರ: ಇಲ್ಲ. ಯಾಕೆಂದರೆ ನೀವು ನೋಡಬೇಕೆನ್ನುವ ಆ ಟೇಬಲ್ಲೇ ಇಲ್ಲ.

ಪ್ರತಿ ವರ್ಷ ಸಂಕ್ರಾಂತಿಯ ಎಳ್ಳು-ಬೆಲ್ಲದ ಜೊತೆಗೇ ಈ ಪ್ರಶ್ನೆಯೂ ಬರುತ್ತದೆ. ಪ್ಲೇಆಫ್ ಶುರುವಾಗುವುದು ಅದೇ ಹೊತ್ತಿಗೆ. ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿ, ಚಳಿಗೆ ಹೊರಗೆ ಕಾಲಿಡಲಾಗದೆ ಟಿವಿ ಮುಂದೆ ಕೂತ ಅಪ್ಪಂದಿರು ಕೇಳುತ್ತಾರೆ. ಬೆಳಗಿನ ಜಾವ ಎದ್ದು ಮ್ಯಾಚ್ ನೋಡುವ ಬೆಂಗಳೂರಿನ ಹುಡುಗರು ಕೇಳುತ್ತಾರೆ. ಎಷ್ಟು ಸಲ ಹೇಳಿದರೂ ಮುಂದಿನ ಜನವರಿಗೆ ಮತ್ತೆ ಅದೇ. ಇರಲಿ, ಈ ಸಲ ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಎಲ್ಲರೂ ಎತ್ತುವ ಉದಾಹರಣೆ 2010ರ ಸೀಸನ್. ಆಗ ಒಂದು ತಂಡಕ್ಕೆ 16 ಮ್ಯಾಚ್. ಸಿಯಾಟಲ್ ಸೀಹಾಕ್ಸ್ 7 ಗೆದ್ದು 9 ಸೋತು ಪ್ಲೇಆಫ್‌ಗೆ ಬಂತು. ನ್ಯೂಯಾರ್ಕ್ ಜೈಂಟ್ಸ್ ಮತ್ತು ಟ್ಯಾಂಪಾ ಬೇ ಬಕನೀರ್ಸ್ ತಲಾ 10 ಗೆದ್ದೂ ಹೊರಗುಳಿದವು. ಇದಕ್ಕಿಂತ ಹೊಟ್ಟೆ ಉರಿಸುವ ಕಥೆ 2008ರದು. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ 11 ಗೆದ್ದು ಹೊರಗೆ, ಸ್ಯಾನ್ ಡಿಯಾಗೊ ಚಾರ್ಜರ್ಸ್ 8 ಗೆದ್ದು ಒಳಗೆ.

ಅನ್ಯಾಯ ಅನ್ನಿಸುತ್ತದೆ ಅಲ್ವಾ? ಐಪಿಎಲ್ ತಲೆಯಲ್ಲಿ ಇಟ್ಟುಕೊಂಡು ನೋಡಿದರೆ ಅನ್ನಿಸಲೇಬೇಕು. ಅಲ್ಲಿ 10 ತಂಡ, ತಲಾ 14 ಮ್ಯಾಚ್. ಪ್ರತಿ ತಂಡವೂ ಉಳಿದ ಒಂಬತ್ತರ ಜೊತೆ ಒಂದು ಸಲವಾದರೂ ಆಡುತ್ತದೆ. ಹಾಗಾಗಿ ಹತ್ತೂ ತಂಡಗಳನ್ನು ಒಂದೇ ಪಟ್ಟಿಯಲ್ಲಿ ನಿಲ್ಲಿಸಿ ಮೇಲಿನ ನಾಲ್ಕನ್ನು ಎತ್ತಿಕೊಂಡರೆ ಯಾರೂ ಕೇಳುವಂತಿಲ್ಲ. 2024ರಲ್ಲಿ ನಮ್ಮ ಆರ್‌ಸಿಬಿ 7 ಗೆದ್ದು 7 ಸೋತು, ನೆಟ್ ರನ್ ರೇಟ್ ಹಿಡಿದುಕೊಂಡು ಚೆನ್ನೈಯನ್ನು ದಾಟಿದ್ದು ಅಂಥ ಪಟ್ಟಿಯಲ್ಲೇ.

ಎನ್‌ಎಫ್‌ಎಲ್‌ನಲ್ಲಿ 32 ತಂಡ. ಈಗ ತಲಾ 17 ಮ್ಯಾಚ್, 18 ವಾರದಲ್ಲಿ. ಎಲ್ಲರೂ ಎಲ್ಲರ ಜೊತೆ ಆಡಬೇಕೆಂದರೆ 31 ಮ್ಯಾಚ್ ಬೇಕು. ಈ ಆಟದಲ್ಲಿ ಮೈಗೆ ಬೀಳುವ ಪೆಟ್ಟಿಗೆ ವಾರಕ್ಕೊಂದು ಮ್ಯಾಚೇ ಹೆಚ್ಚು. ಹಾಗಾಗಿ ತಂಡಗಳನ್ನು ಮೊದಲೇ ಪಾಲು ಮಾಡಿಟ್ಟಿದ್ದಾರೆ. ಎಎಫ್‌ಸಿ, ಎನ್‌ಎಫ್‌ಸಿ ಅಂತ ಎರಡು ಕಾನ್ಫರೆನ್ಸ್. ಒಂದೊಂದರಲ್ಲಿ ನಾಲ್ಕು ಡಿವಿಷನ್. ಒಂದೊಂದು ಡಿವಿಷನ್‌ನಲ್ಲಿ ನಾಲ್ಕು ತಂಡ.

ಈಗ ಒಂದು ತಂಡದ 17 ಮ್ಯಾಚ್ ಎಲ್ಲಿಂದ ಬರುತ್ತವೆ ನೋಡಿ. ಇಲ್ಲೇ ಎಲ್ಲರೂ ಜಾರುವುದು. ಸ್ವಂತ ಡಿವಿಷನ್‌ನ ಮೂರು ತಂಡಗಳ ಜೊತೆ ಎರಡೆರಡು ಸಲ ಆಡಿದರೆ ಆರು ಆಯಿತು. ಅದೇ ಕಾನ್ಫರೆನ್ಸಿನ ಇನ್ನೊಂದು ಡಿವಿಷನ್ ಜೊತೆ ನಾಲ್ಕು. ಆಚೆ ಕಾನ್ಫರೆನ್ಸಿನ ಒಂದು ಡಿವಿಷನ್ ಜೊತೆ ನಾಲ್ಕು. ಈ ಎರಡು ಡಿವಿಷನ್ ವರ್ಷ ವರ್ಷ ಸರದಿ ಪ್ರಕಾರ ಬದಲಾಗುತ್ತವೆ. ಉಳಿದ ಮೂರು ಮ್ಯಾಚ್, ಬೇರೆ ಡಿವಿಷನ್‌ಗಳಲ್ಲಿ ಹೋದ ವರ್ಷ ತನ್ನದೇ ಸ್ಥಾನದಲ್ಲಿ ಮುಗಿಸಿದ ತಂಡಗಳ ಜೊತೆ. ಮೊದಲು ಬಂದವರಿಗೆ ಮೊದಲು ಬಂದವರೇ ಎದುರಾಳಿ, ಕೊನೆಯವರಿಗೆ ಕೊನೆಯವರು.

ಬೆರಳು ಮಡಚಿ ಎಣಿಸಿ. ಎದುರಾಳಿಗಳು ಒಟ್ಟು 14. ಅಂದರೆ ಉಳಿದ 31 ತಂಡಗಳಲ್ಲಿ 17ರ ಮುಖವನ್ನೂ ನೋಡದೆ ಸೀಸನ್ ಮುಗಿಯುತ್ತದೆ! ಒಬ್ಬರು ಕಷ್ಟದ ಹದಿನಾಲ್ಕು ಜನರ ಜೊತೆ ಆಡಿರಬಹುದು, ಇನ್ನೊಬ್ಬರು ಸುಲಭದ ಹದಿನಾಲ್ಕು ಜನರ ಜೊತೆ. ಅವರ ಹತ್ತನ್ನೂ ಇವರ ಏಳನ್ನೂ ಒಂದೇ ತಕ್ಕಡಿಗೆ ಹಾಕಿ ತೂಗಿದರೆ ಬರುವ ಉತ್ತರಕ್ಕೆ ಏನು ಬೆಲೆ?

ಆದರೆ ಒಂದೇ ಡಿವಿಷನ್‌ನ ಎರಡು ತಂಡ ತಗೊಳ್ಳಿ. ಅವುಗಳ 17 ಮ್ಯಾಚ್‌ಗಳಲ್ಲಿ 14 ಒಂದೇ ಥರ: ಎರಡು ಪರಸ್ಪರರ ಜೊತೆ, ಹನ್ನೆರಡು ಅವವೇ ಎದುರಾಳಿಗಳ ಜೊತೆ. ಬೇರೆಯಾಗುವುದು ಮೂರೇ ಮೂರು. ಇವರಿಬ್ಬರನ್ನು ಹೋಲಿಸಿದರೆ ಅದಕ್ಕೆ ಅರ್ಥವಿದೆ. ಆದ್ದರಿಂದಲೇ ಎಂಟು ಡಿವಿಷನ್, ಎಂಟು ಪಟ್ಟಿ, ಎಂಟು ಚಾಂಪಿಯನ್.

ಇಷ್ಟು ಹೇಳಿದ ಮೇಲೂ "ಆದ್ರೂ ಹತ್ತು ಅಂದ್ರೆ ಹತ್ತೇ ಅಲ್ವಾ" ಅನ್ನುವವರು ಇದ್ದಾರೆ. ಅವರಿಗೆ ನಾನು ಶಾಲೆಯ ಕ್ರೀಡಾಕೂಟ ನೆನಪು ಮಾಡುತ್ತೇನೆ. ಹೋಬಳಿ ಮಟ್ಟದಲ್ಲಿ ಗೆದ್ದ ಕಬಡ್ಡಿ ತಂಡ ತಾಲ್ಲೂಕಿಗೆ ಹೋಗುತ್ತಿತ್ತು. ನಮ್ಮ ಹೋಬಳಿಯಲ್ಲಿ ಎರಡನೆಯದಾಗಿ ಬಂದ ತಂಡ ಪಕ್ಕದ ಹೋಬಳಿಯ ಚಾಂಪಿಯನ್ನರಿಗಿಂತ ಗಟ್ಟಿಯಾಗಿರಬಹುದು. ಇತ್ತು ಕೂಡ. ಹಾಗಂತ ಪಿಟಿ ಮೇಷ್ಟ್ರ ಹತ್ತಿರ ಹೋಗಿ "ಸಾರ್, ಅವರನ್ನು ಬಿಟ್ಟು ನಮ್ಮನ್ನು ಕಳಿಸಿ" ಅಂತ ಯಾರಾದರೂ ಕೇಳಿದ್ದುಂಟೇ? ಸೀಹಾಕ್ಸ್ ತನ್ನ ಹೋಬಳಿ ಗೆದ್ದಿತ್ತು. ಅಷ್ಟೇ ವಿಷಯ.

ಈಗ ಚುರುಕಿನವರೊಬ್ಬರು ಕೈ ಎತ್ತುತ್ತಾರೆ: "ಹಾಗಾದರೆ ವೈಲ್ಡ್ ಕಾರ್ಡ್‌ಗೆ ಮಾತ್ರ ಬೇರೆ ಬೇರೆ ಡಿವಿಷನ್‌ನವರನ್ನು ಹೋಲಿಸುತ್ತಾರಲ್ಲ?" ಭೇಷ್, ಸರಿಯಾಗಿ ಹಿಡಿದಿರಿ. 2020ರಿಂದ ಪ್ಲೇಆಫ್‌ಗೆ 14 ತಂಡ, ಕಾನ್ಫರೆನ್ಸಿಗೆ ಏಳು. ಮೊದಲ ನಾಲ್ಕು ಜಾಗ ಡಿವಿಷನ್ ಗೆದ್ದವರಿಗೆ. ಉಳಿದ ಮೂರು ವೈಲ್ಡ್ ಕಾರ್ಡ್, ಅಂದರೆ ಗೆಲ್ಲದವರಲ್ಲಿ ಲೆಕ್ಕ ಚೆನ್ನಾಗಿರುವವರಿಗೆ. ಹೌದು, ಅಲ್ಲಿ ಸೊಟ್ಟ ತಕ್ಕಡಿಯನ್ನೇ ಬಳಸುತ್ತಾರೆ, ಬೇರೆ ತಕ್ಕಡಿ ಇಲ್ಲ. ಆದರೆ ಅದು ಉಳಿದ ಸೀಟಿಗೆ. ಆ ಸೀಟು ಸಿಕ್ಕರೂ ಅದೃಷ್ಟವೇ. ಅದೇ 2010ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಕೂಡ 10 ಗೆದ್ದಿತ್ತು. ಟೈಬ್ರೇಕರ್‌ನಲ್ಲಿ, ಅಂದರೆ ಗೆಲುವು ಸಮವಾದಾಗ ಯಾರು ಮುಂದೆ ಅಂತ ತೀರ್ಮಾನಿಸುವ ನಿಯಮದಲ್ಲಿ, ಜೈಂಟ್ಸ್, ಬಕನೀರ್ಸ್ ಎರಡನ್ನೂ ದಾಟಿ ಕೊನೆಯ ಸೀಟು ಹಿಡಿಯಿತು. ಆಮೇಲೆ ಫೈನಲ್ ಆದ ಸೂಪರ್ ಬೌಲ್ ಅನ್ನೇ ಗೆದ್ದುಬಿಟ್ಟಿತು.

ಇನ್ನು ಊರಿನ ವಿಷಯ. ಇಲ್ಲಿ ನಾನು ನಿಮ್ಮ ಕಡೆ. ಡಿವಿಷನ್ ಗೆದ್ದವರನ್ನು ಒಳಗೆ ಬಿಡಲಿ, ಆದರೆ ಮೊದಲ ಸುತ್ತಿನ ಮ್ಯಾಚನ್ನೂ ಅವರ ಊರಲ್ಲೇ ಯಾಕೆ ಇಡಬೇಕು? ಸೀಹಾಕ್ಸ್ ಜೊತೆ ಆಡಲು ಸಿಯಾಟಲ್‌ಗೆ ಬಂದದ್ದು ನ್ಯೂ ಆರ್ಲಿಯನ್ಸ್ ಸೇಂಟ್ಸ್. 11 ಗೆದ್ದವರು, ಹಿಂದಿನ ವರ್ಷದ ಚಾಂಪಿಯನ್ನರು. 41-36ರಲ್ಲಿ ಸೋತರು. ಕೊನೆಯಲ್ಲಿ ಮಾರ್ಶಾನ್ ಲಿಂಚ್ ಒಬ್ಬೊಬ್ಬರನ್ನೇ ಕೊಡವಿಕೊಂಡು 67 ಗಜ ಓಡಿದ. ಜನ ಎಷ್ಟು ಕುಣಿದರೆಂದರೆ ಹತ್ತಿರದ ಭೂಕಂಪ ಮಾಪಕದ ಮುಳ್ಳು ಅಲುಗಿತು. ಅದೇ ಮ್ಯಾಚ್ ನ್ಯೂ ಆರ್ಲಿಯನ್ಸ್‌ನಲ್ಲಿ ನಡೆದಿದ್ದರೆ? ಮುಂದಿನ ವಾರ ಶಿಕಾಗೋಗೆ ಹೋದ ಸೀಹಾಕ್ಸ್ 35-24ರಲ್ಲಿ ಸೋತು ವಾಪಸ್ ಬಂತು.

2024ರಲ್ಲಿ ಇದು ಇನ್ನೂ ವಿಚಿತ್ರವಾಯಿತು. ಮಿನೆಸೋಟ ವೈಕಿಂಗ್ಸ್ 17ರಲ್ಲಿ 14 ಗೆದ್ದಿತು. ಆದರೆ ಅದೇ ಡಿವಿಷನ್‌ನಲ್ಲಿ ಡೆಟ್ರಾಯಿಟ್ ಲಯನ್ಸ್ 15 ಗೆದ್ದಿತ್ತು. 14 ಗೆದ್ದ ವೈಕಿಂಗ್ಸ್ ವೈಲ್ಡ್ ಕಾರ್ಡ್ ಆಗಿ, 10 ಗೆದ್ದ ಲಾಸ್ ಏಂಜಲೀಸ್ ರ‍್ಯಾಮ್ಸ್‌ಗೆ ಅತಿಥಿಯಾಗಬೇಕಾಯಿತು. ಕಾಡ್ಗಿಚ್ಚಿನಿಂದಾಗಿ ಮ್ಯಾಚ್ ಅರಿಜೋನಾಗೆ ಹೋಯಿತು, ಅದು ಬೇರೆ ಮಾತು. 27-9ರಲ್ಲಿ ಸೋತರು. ಗೆಲುವಿನ ಲೆಕ್ಕದ ಮೇಲೆ ಯಾರ ಊರು ಅಂತ ತೀರ್ಮಾನಿಸೋಣ ಎಂದು 2025ರಲ್ಲಿ ಪ್ರಸ್ತಾಪ ಇಟ್ಟದ್ದು ವೈಕಿಂಗ್ಸ್ ಅಲ್ಲ, ಲಯನ್ಸ್! ಬೆಂಬಲ ಸಾಲದೆ ಅವರೇ ಅದನ್ನು ವಾಪಸ್ ತಗೊಂಡರು. ನನಗೇನೋ ಆ ಪ್ರಸ್ತಾಪ ಸರಿ ಅನ್ನಿಸಿತ್ತು.

ಅಂದಹಾಗೆ ಟೈಬ್ರೇಕರ್ ಅಂದೆನಲ್ಲ, ಅದರಲ್ಲಿ ಎಷ್ಟು ಅಂತರದಲ್ಲಿ ಗೆದ್ದಿರಿ ಎಂಬುದು ತೀರಾ ಕೆಳಗೆ ಬರುತ್ತದೆ. ಮೊದಲು ನೋಡುವುದು ನಿಮ್ಮಿಬ್ಬರ ನಡುವೆ ಯಾರು ಗೆದ್ದರು ಅಂತ. ಪಟ್ಟಿಯ ಕಟ್ಟಕಡೆಗೆ ಇರುವುದು ನಾಣ್ಯ ಚಿಮ್ಮುವುದು. ನೆಟ್ ರನ್ ರೇಟ್ ಲೆಕ್ಕ ಹಾಕಿ ಸುಸ್ತಾದವರಿಗೆ ಇದು ಹಿಡಿಸಬಹುದು.

ಇನ್ನೊಂದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು: ಇಲ್ಲಿ ಮ್ಯಾಚ್ ಡ್ರಾ ಆಗುತ್ತದೆಯೇ? ಆಗುತ್ತದೆ. ಪ್ಲೇಆಫ್‌ನಲ್ಲಿ ಯಾರಾದರೂ ಗೆಲ್ಲುವವರೆಗೂ ಆಡಲೇಬೇಕು. ಸೀಸನ್ ಮ್ಯಾಚ್‌ಗೆ ಮಾತ್ರ ಒಂದೇ ಓವರ್‌ಟೈಮ್, ಅಂದರೆ ಹೆಚ್ಚುವರಿ ಸಮಯ. ಅದರಲ್ಲೂ ಸಮ ಅಂದರೆ ಅರ್ಧ ಗೆಲುವು, ಅರ್ಧ ಸೋಲು.

ಆ ಅರ್ಧ ಗೆಲುವು 2022ರ ಜನವರಿ 9ರ ರಾತ್ರಿ ಲಾಸ್ ವೇಗಸ್‌ನಲ್ಲಿ ಎಲ್ಲರ ಎದೆ ಹೊಡೆದುಕೊಳ್ಳುವಂತೆ ಮಾಡಿತು. ಸೀಸನ್ನಿನ ಕಟ್ಟಕಡೆಯ ಮ್ಯಾಚ್, ರೈಡರ್ಸ್ ಮತ್ತು ಚಾರ್ಜರ್ಸ್. ಗೆದ್ದವರು ಪ್ಲೇಆಫ್‌ಗೆ. ಡ್ರಾ ಆದರೆ ಇಬ್ಬರೂ ಪ್ಲೇಆಫ್‌ಗೆ, ಪಿಟ್ಸ್‌ಬರ್ಗ್ ಸ್ಟೀಲರ್ಸ್ ಹೊರಗೆ. ಇಬ್ಬರೂ ಸುಮ್ನೆ ನಿಂತು ಗಡಿಯಾರ ಓಡಿಸಿದರೂ ಸಾಕಿತ್ತು! ಹಾಗೇನೂ ಮಾಡಲಿಲ್ಲ, ಜೀವ ಬಿಟ್ಟು ಆಡಿದರು. ಕೊನೆಯ ಎಸೆತದಲ್ಲಿ ಚಾರ್ಜರ್ಸ್ ಸಮ ಮಾಡಿಕೊಂಡಿತು. ಓವರ್‌ಟೈಮ್‌ನಲ್ಲೂ ಮೂರು ಮೂರು ಪಾಯಿಂಟ್, 32-32. ಚೆಂಡು ರೈಡರ್ಸ್ ಕೈಯಲ್ಲಿ, ಗಡಿಯಾರ ಇಳಿಯುತ್ತಿದೆ, ಡ್ರಾ ಆಗಿಯೇಹೋಯಿತು ಅನ್ನುವಷ್ಟರಲ್ಲಿ, 38 ಸೆಕೆಂಡ್ ಇದ್ದಾಗ ಚಾರ್ಜರ್ಸ್ ಕೋಚೇ ಟೈಮ್‌ಔಟ್ ಕರೆದರು. ಎದುರಾಳಿಯ ಓಟ ತಡೆಯುವವರನ್ನು ಕಣಕ್ಕಿಳಿಸಲು ಕರೆದದ್ದು ಎಂದು ಆಮೇಲೆ ಹೇಳಿದರು. ಮುಂದಿನ ಓಟದಲ್ಲೇ ರೈಡರ್ಸ್ ಹತ್ತು ಗಜ ಮುಂದೆ ಬಂತು. ಕೊನೆಯ ಗಳಿಗೆಯಲ್ಲಿ 47 ಗಜದಿಂದ ಒದ್ದ ಮೂರು ಪಾಯಿಂಟಿನ ಫೀಲ್ಡ್ ಗೋಲ್ ಕಂಬಗಳ ನಡುವೆ ಹೋಯಿತು.

35-32. ಚಾರ್ಜರ್ಸ್ ಮನೆಗೆ, ಸ್ಟೀಲರ್ಸ್ ಒಳಗೆ. ಮುಂದಿನ ವಾರ ಕ್ಯಾನ್ಸಸ್ ಸಿಟಿಗೆ ಹೋದ ಸ್ಟೀಲರ್ಸ್ 42-21ರಲ್ಲಿ ಸೋತು ಬಂದರು.