ಚಾರ್ಜ್: ಒಂದೇ ಪದಕ್ಕೆ ಇಷ್ಟೊಂದು ಅರ್ಥ ಯಾಕೆ?

ಪ್ರಶ್ನೆ: ಫೋನನ್ನು ಚಾರ್ಜ್ ಮಾಡುತ್ತೇವೆ. ಸೇವೆಗೆ ಚಾರ್ಜ್ ಕೊಡುತ್ತೇವೆ. ಪೊಲೀಸರು ಚಾರ್ಜ್‌ಶೀಟ್ ಹಾಕುತ್ತಾರೆ, ಹೊಸ ಅಧಿಕಾರಿ ಚಾರ್ಜ್ ತಗೊಳ್ಳುತ್ತಾರೆ. ಇವೆಲ್ಲ ಒಂದೇ ಪದವಾ, ಬೇರೆ ಬೇರೆಯಾ?

ಉತ್ತರ: ಒಂದೇ ಪದ. ಇದರ ಮೂಲ ಅರ್ಥ ಹೊರೆ.

ಲ್ಯಾಟಿನ್ನಿನಲ್ಲಿ ‘ಕಾರುಸ್’ ಅಂದರೆ ಗಾಡಿ. ಗಾಡಿಗೆ ಸರಕು ಹೇರುವುದು ‘ಕಾರಿಕಾರೆ’. ಅದು ಫ್ರೆಂಚ್ ದಾರಿಯಲ್ಲಿ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಕಾರ್, ಕ್ಯಾರಿ, ಕಾರ್ಗೋ ಇದೇ ಕುಟುಂಬದವು. ಕ್ಯಾರಿಕೇಚರ್ ಕೂಡ ಇಲ್ಲಿಯದೇ. ಮೂಗಿನ ಮೇಲೋ ಗಲ್ಲದ ಮೇಲೋ ಬೇಕಂತಲೇ ಜಾಸ್ತಿ ಭಾರ ಹೇರಿದ ಚಿತ್ರ ಅದು.

ಈ ಹೊರೆಯ ನಂಟು ಹಿಡಿಯುವುದು ಕನ್ನಡಿಗರಿಗೆ ಸಲೀಸು. ನಾವೂ ಆರೋಪ ‘ಹೊರಿಸುತ್ತೇವೆ’, ಜವಾಬ್ದಾರಿ ‘ಹೊರುತ್ತೇವೆ’, ಸಾಲವನ್ನೂ ತೆರಿಗೆಯನ್ನೂ ‘ಹೊರೆ’ ಅನ್ನುತ್ತೇವೆ, ಅಲ್ವಾ? ಚಾರ್ಜ್‌ಶೀಟ್, ಅಧಿಕಾರಿಯ ಚಾರ್ಜ್, ಸೇವೆಯ ಚಾರ್ಜ್ ಮೂರೂ ಅದರಲ್ಲೇ ಬಂದವು. ರಾಯಭಾರಿ ಇಲ್ಲದಾಗ ಕಚೇರಿ ನೋಡಿಕೊಳ್ಳುವವರನ್ನು ಶಾರ್ಜೆ ದಫೇರ್ ಅನ್ನುತ್ತಾರೆ. ಕೆಲಸಗಳ ಹೊರೆ ಹೊತ್ತವರು ಅಂತಲೇ ಅದರ ಅರ್ಥ. ಸರ್‌ಚಾರ್ಜ್ ಅಂದರೆ ಹೊರೆಯ ಮೇಲೊಂದು ಹೊರೆ.

ಫೋನಿನ ಚಾರ್ಜ್ ಬಂದ ದಾರಿ ಸ್ವಲ್ಪ ಬೇರೆ. ಬಂದೂಕಿಗೆ ಮದ್ದು ತುಂಬುವುದಕ್ಕೂ ಹಿಂದೆ ಚಾರ್ಜ್ ಅನ್ನುತ್ತಿದ್ದರು. 1740ರ ದಶಕದಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲೇಡನ್ ಜಾಡಿ ಎಂಬ ಗಾಜಿನ ಪಾತ್ರೆಗಳಲ್ಲಿ ವಿದ್ಯುತ್ ಹಿಡಿದಿಡುವ ಪ್ರಯೋಗ ಮಾಡುತ್ತಿದ್ದರು. ವಿದ್ಯುತ್ ಒಂದು ದ್ರವದ ಹಾಗೆ ಎಂದು ಆಗ ತಿಳಿದಿದ್ದರು. ಹಾಗಾಗಿ ಅದನ್ನು ತುಂಬುವುದಕ್ಕೆ ಚಾರ್ಜ್ ಎಂಬ ಪದವೇ ಒಗ್ಗಿತು. ಬ್ಯಾಟರಿ ಎಂಬ ಪದವನ್ನೂ ವಿದ್ಯುತ್ತಿಗೆ ಬಳಸಿದವರು ಅವರೇ, 1749ರ ಪತ್ರವೊಂದರಲ್ಲಿ. ಅದಕ್ಕೂ ಮೊದಲು ಬ್ಯಾಟರಿ ಅಂದರೆ ಸಾಲಾಗಿ ನಿಲ್ಲಿಸಿದ ಫಿರಂಗಿಗಳು!

ಇಲ್ಲೊಂದು ಎಚ್ಚರ ಬೇಕು. ಭೌತವಿಜ್ಞಾನದ ಚಾರ್ಜ್, ಅಂದರೆ ಪಠ್ಯಪುಸ್ತಕದ ವಿದ್ಯುದಾವೇಶ, ಫೋನ್ ಚಾರ್ಜ್ ಮಾಡಿದಾಗ ಹೆಚ್ಚುವುದಿಲ್ಲ. ಎಲೆಕ್ಟ್ರಾನುಗಳು ಬ್ಯಾಟರಿಯ ಒಂದು ತುದಿಯಿಂದ ಹೊರಟು ಇನ್ನೊಂದು ತುದಿಗೆ ಸೇರುತ್ತವೆ, ಅಷ್ಟೇ. ತುಂಬಿಕೊಳ್ಳುವುದು ರಾಸಾಯನಿಕ ರೂಪದ ಶಕ್ತಿ. ದ್ರವ ತುಂಬುವ ಕಲ್ಪನೆ ಎಂದೋ ಹೋಯಿತು, ಪದ ಮಾತ್ರ ಉಳಿಯಿತು.

ಚಾರ್ಜರ್ ಎಂಬ ಪದದಲ್ಲಿ ಮೂರು ಕಾಲ ಒಟ್ಟಿಗೆ ಇವೆ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ಅದು ಮಾಂಸ ಬಡಿಸುವ ದೊಡ್ಡ ತಟ್ಟೆ, ಆಮೇಲೆ ಯುದ್ಧದ ಕುದುರೆ, ಈಗ ಗೋಡೆಗೆ ಸಿಕ್ಕಿಸುವ ಸಾಧನ. ಕುದುರೆಗೆ ಆ ಹೆಸರು ಬಂದಿದ್ದು ಶತ್ರುವಿನ ಮೇಲೆ ನುಗ್ಗುವ ಚಾರ್ಜ್‌ನಿಂದ.

ಹೊರೆ ಇಳಿಸುವುದೇ ಡಿಸ್‌ಚಾರ್ಜ್. ರೋಗಿ ಆಸ್ಪತ್ರೆಯಿಂದ ಬಿಡುಗಡೆಯಾಗುವುದು, ಗಾಯದಿಂದ ಕೀವು ಬರುವುದು, ಬಂದೂಕು ಹಾರುವುದು, ಸಾಲ ತೀರುವುದು ಎಲ್ಲಕ್ಕೂ ಅದೇ ಪದ. ಆದರೆ ‘ಡಿಸ್‌ಚಾರ್ಜ್ಡ್ ಹಿಸ್ ಡ್ಯೂಟೀಸ್’ ಎಂದು ಓದಿದಾಗ ಹಲವರು ಎಡವುತ್ತಾರೆ. ಕೆಲಸ ಬಿಟ್ಟ ಎಂದುಕೊಳ್ಳುತ್ತಾರೆ. ಅರ್ಥ ತದ್ವಿರುದ್ಧ: ಕರ್ತವ್ಯವನ್ನು ಪೂರ್ತಿ ಮಾಡಿದ. ಹೊರೆಯನ್ನು ದಾರಿಯಲ್ಲಿ ಎಸೆಯಲಿಲ್ಲ, ಮುಟ್ಟಬೇಕಾದ ಜಾಗಕ್ಕೆ ಮುಟ್ಟಿಸಿ ಇಳಿಸಿದ.

ಬಳಸುವಾಗ ಪಕ್ಕದ ಪುಟ್ಟ ಪದಗಳನ್ನೂ ನೋಡಿ. ‘ಚಾರ್ಜ್ಡ್ ಫಾರ್’ ಅಂದರೆ ಸಾಮಾನ್ಯವಾಗಿ ಹಣದ ಮಾತು, ‘ಚಾರ್ಜ್ಡ್ ವಿತ್’ ಅಂದರೆ ಆರೋಪ ಅಥವಾ ಹೊಣೆ. ‘ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಬೇಬಿ’ ಎಂದರೆ ಮಗುವಿನ ಹೊಣೆ ನರ್ಸ್‌ದು. ಅದರಲ್ಲೇ ‘ಇನ್ ದ ಚಾರ್ಜ್ ಆಫ್’ ಎಂದು ಒಂದು ‘ದ’ ಸೇರಿಸಿದರೆ, ನರ್ಸನ್ನೇ ಮಗು ನೋಡಿಕೊಳ್ಳುತ್ತಿದೆ ಎಂದಾಗುತ್ತದೆ.