ಸೀಡಿ ಬರೆಯಲು ರೂಟ್ ಅಧಿಕಾರ ಏಕೆ ಬೇಕಾಗಿತ್ತು?

2004ರ ಆಗಸ್ಟ್‌ನಲ್ಲಿ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್‌ನ 2.6.8 ಆವೃತ್ತಿ ಹೊರಬಂತು. ಅದನ್ನು ಹಾಕಿಕೊಂಡ ಹಲವರ ಗಣಕಗಳಲ್ಲಿ, ಅಲ್ಲಿಯವರೆಗೆ ಸಲೀಸಾಗಿ ನಡೆಯುತ್ತಿದ್ದ ಸೀಡಿ ಬರೆಯುವ ಕೆಲಸ ನಿಂತುಹೋಯಿತು. ತಂತ್ರಾಂಶ ಕೆಟ್ಟಿರಲಿಲ್ಲ, ಕರ್ನಲ್ ಬೇಕೆಂದೇ ಬಾಗಿಲು ಹಾಕಿತ್ತು.

ಕಥೆ ಶುರುವಾಗುವುದು ಜರ್ಮನಿಯ ಯೋರ್ಗ್ ಶಿಲಿಂಗ್ 1996ರಲ್ಲಿ ಹೊರತಂದ, ಸೀಡಿ ಬರೆಯುವ ತಂತ್ರಾಂಶ ಸೀಡಿರೆಕಾರ್ಡ್‌ನಿಂದ. ಆಗಿನ ಬರ್ನರುಗಳಲ್ಲಿ (ಸೀಡಿ ಬರೆಯುವ ಡ್ರೈವುಗಳಲ್ಲಿ) ದತ್ತಾಂಶವನ್ನು ತಾತ್ಕಾಲಿಕವಾಗಿ ಕೂಡಿಡುವ ಬಫರ್ ತೀರಾ ಚಿಕ್ಕದು. ದತ್ತಾಂಶದ ಹರಿವು ಕ್ಷಣಕಾಲ ತಡವರಿಸಿದರೂ ಸೀಡಿ ಹಾಳು, ಚಹಾ ಲೋಟದ ಕೆಳಗಿಡಲಷ್ಟೇ ಲಾಯಕ್ಕು. ಆದ್ದರಿಂದ ತಂತ್ರಾಂಶ ತನ್ನ ಮೆಮೊರಿಯನ್ನು ಅಲುಗದಂತೆ ಹಿಡಿದಿಟ್ಟುಕೊಂಡು, ಉಳಿದೆಲ್ಲ ಕೆಲಸಗಳಿಗಿಂತ ಮೊದಲ ಸರದಿ ಕೇಳುತ್ತಿತ್ತು. ಎರಡಕ್ಕೂ ರೂಟ್ ಅಧಿಕಾರ, ಅಂದರೆ ಗಣಕದಲ್ಲಿ ಏನನ್ನಾದರೂ ಮಾಡಬಲ್ಲ ಪರಮಾಧಿಕಾರ, ಬೇಕು. ಹಾಗಾಗಿ ಯಾರು ಚಲಾಯಿಸಿದರೂ ರೂಟ್ ಆಗಿಯೇ ಓಡುವಂತೆ ಅದಕ್ಕೆ ‘ಸೆಟ್‌ಯುಐಡಿ’ ಗುರುತು ಹಾಕುವುದು ರೂಢಿಯಾಯಿತು. ಹಾಡಿನ ಸೀಡಿ ಮಾಡಿಕೊಳ್ಳಲು ಬಂದವನ ಕೈಗೆ ಮನೆಯ ಬೀರುವಿನ ಕೀಲಿ! 2003ರಲ್ಲಿ, ಡ್ರೈವಿನ ಹೆಸರು ಕೊಡುವ ಜಾಗದಲ್ಲಿ ಕುತಂತ್ರದ ಅಕ್ಷರಗಳನ್ನು ತುಂಬಿ ರೂಟ್ ಆಗಬಹುದೆಂದು ತಿಳಿಯಿತು. ಮರುವರ್ಷ ಅಂಥದೇ ಇನ್ನೊಂದು ಬಿರುಕು ಕಂಡಿತು.

ಹಾಗಾದರೆ ರೂಟ್ ಬೇಡ, ಡ್ರೈವನ್ನು ಮಾತ್ರ ಬಳಕೆದಾರರಿಗೆ ಬಿಟ್ಟುಕೊಡೋಣವೆಂದರೆ ಅಲ್ಲೂ ತೊಡಕು. ಡ್ರೈವ್ ಎಂಬುದು ತನ್ನದೇ ಫರ್ಮ್‌ವೇರ್ (ಸಾಧನದೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶ) ಇರುವ ಪುಟ್ಟ ಗಣಕ. ಅದನ್ನು ಓದಲು ಅನುಮತಿ ಇದ್ದವರು ಅದಕ್ಕೆ ಯಾವ ಆದೇಶವನ್ನಾದರೂ ಕಳಿಸಬಹುದಿತ್ತು, ಫರ್ಮ್‌ವೇರ್ ಅಳಿಸುವುದನ್ನೂ ಸೇರಿಸಿ. ಒಂದೇ ಆದೇಶ ಡ್ರೈವನ್ನು ಹೇಗೆ ಕೊಲ್ಲಬಲ್ಲದೆಂದು 2003ರಲ್ಲಿ ಮ್ಯಾಂಡ್ರೇಕ್ ಎಂಬ ಲಿನಕ್ಸ್ ವಿತರಣೆಯ 9.2 ಆವೃತ್ತಿ ತೋರಿಸಿತ್ತು. ಅದು ಕಳಿಸಿದ ‘ಕ್ಯಾಶ್ (ತಾತ್ಕಾಲಿಕ ಸಂಗ್ರಹ) ಖಾಲಿ ಮಾಡು’ ಎಂಬ ಸಾಧು ಆದೇಶವನ್ನು ಎಲ್‌ಜಿಯ ಕೆಲವು ಸೀಡಿ ಡ್ರೈವುಗಳು ಫರ್ಮ್‌ವೇರ್ ಬದಲಿಸುವ ಆದೇಶವೆಂದು ತಿಳಿದು ಸತ್ತವು. ಅಲ್ಲಿ ಯಾರ ದುರುದ್ದೇಶವೂ ಇರಲಿಲ್ಲ.

2.6.8 ಈ ದಾರಿಯನ್ನು ಮುಚ್ಚಿತು. ಪಟ್ಟಿಯಲ್ಲಿರುವ ಸುರಕ್ಷಿತ ಆದೇಶಗಳು ಮಾತ್ರ ಸಾಗುತ್ತವೆ, ಉಳಿದವಕ್ಕೆ ವಿಶೇಷ ಅಧಿಕಾರ ಬೇಕು. ತಮಾಷೆಯೆಂದರೆ, ಸೀಡಿರೆಕಾರ್ಡ್ ಡ್ರೈವನ್ನು ತೆರೆದ ಮೇಲೆ ರೂಟ್ ಅಧಿಕಾರವನ್ನು ತಾನಾಗಿಯೇ ಬಿಟ್ಟುಕೊಡುತ್ತಿತ್ತು. ಆದೇಶ ಕಳಿಸುವ ಹೊತ್ತಿಗೆ ಅದರ ಕೈಯಲ್ಲಿ ವಿಶೇಷ ಅಧಿಕಾರ ಇರುತ್ತಿರಲಿಲ್ಲ, ಆ ಒಳ್ಳೆಯ ಅಭ್ಯಾಸವೇ ಅದಕ್ಕೆ ಮುಳುವಾಯಿತು! ಮುನ್ಸೂಚನೆ ಇಲ್ಲದೆ ನಡೆದ ಬದಲಾವಣೆಗೆ ಶಿಲಿಂಗ್ ಸಿಡಿಮಿಡಿಗೊಂಡರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು, ಆದರೆ ರಂಧ್ರವೂ ನಿಜವಾಗಿತ್ತು.

ವಿಂಡೋಸ್‌ನವರಿಗೂ ಇದು ಹೊಸದಲ್ಲ. ಆಡಳಿತಾಧಿಕಾರ ಇಲ್ಲದವರಿಗೆ ಬರೆಯಲು ಅನುಮತಿ ಕೊಡಲೆಂದೇ ನೀರೋ ಕಂಪನಿ ‘ಬರ್ನ್‌ರೈಟ್ಸ್’ ಎಂಬ ಉಪಕರಣ ಕೊಟ್ಟಿತ್ತು.

ಈಗ ಬಹುತೇಕ ಲಿನಕ್ಸ್‌ಗಳಲ್ಲಿ ಗಣಕದ ಎದುರು ಕುಳಿತು ಲಾಗಿನ್ ಆದವರಿಗೆ ಡ್ರೈವಿನ ಅನುಮತಿ ತಾನಾಗಿ ಸಿಗುತ್ತದೆ, ಅವರು ಲಾಗ್‌ಔಟ್ ಆದೊಡನೆ ಹಿಂದಕ್ಕೆ ಹೋಗುತ್ತದೆ. ಅಷ್ಟರಲ್ಲಿ ಹೊಸ ಲ್ಯಾಪ್‌ಟಾಪ್‌ಗಳಿಂದ ಡ್ರೈವೇ ಮಾಯವಾಗಿದೆ.